ಹನ್ನೊಂದು ಮಂದಿ ಸದಸ್ಯರು ಮತ್ತು ನಮ್ಮಕ್ಕನ ಉಪ್ಪು

ಎರಡು ವರ್ಷ ಹತ್ತು ತಿಂಗಳಿಂದ ಪೀಠದಿಂದ ಅಲುಗಾಡದ ಮಾನ್ಯ ಸಭಾಧ್ಯಕ್ಷರೇ,

ತಾವು ಒಂದು ಅರ್ಜಿಯ ಮೇಲೆ ಕುಳಿತಿದ್ದೀರಿ. ಗಂಟೆ ಗುರುತಿನ ಪಕ್ಷದಿಂದ ಆರಿಸಿ ಬಂದು ಛತ್ರಿ ಗುರುತಿನ ಪಕ್ಷದ ಬೆಂಚಿಗೆ ಹೋಗಿ ಕುಳಿತ ಹನ್ನೊಂದು ಮಂದಿ ಶಾಸಕರ ಸದಸ್ಯತ್ವ ಉಳಿಯುತ್ತದೆಯೋ ಹೋಗುತ್ತದೆಯೋ ಎಂದು ತಾವು ಹೇಳಬೇಕಾದ ಅರ್ಜಿ ಅದು. ಬರುವ ತಿಂಗಳ ಇಪ್ಪತ್ತೊಂದಕ್ಕೆ ಈ ಸದನದ ಕೊನೆಯ ಅಧಿವೇಶನ ಮುಗಿಯುತ್ತದೆ, ಆಮೇಲೆ ಚುನಾವಣೆ. ಸದನ ಮುಗಿದರೆ ಅರ್ಜಿಯೂ ತಾನಾಗಿ ಸಾಯುತ್ತದೆ ಎಂದು ತಮ್ಮ ಕಚೇರಿಯವರೇ ನನಗೆ ಹೇಳಿದ್ದಾರೆ. ಅರ್ಜಿ ಸತ್ತರೆ ತಮಗೇನೂ ಸೂತಕವಿಲ್ಲ. ಆದರೆ ನಮ್ಮ ಮನೆಯಲ್ಲಿ ಅರವತ್ತೊಂಬತ್ತು ವರ್ಷದ ಹೆಂಗಸೊಬ್ಬಳಿದ್ದಾಳೆ, ನನ್ನ ಅಕ್ಕ ರಾಜಮತಿ. ತಮ್ಮ ನಿರ್ಣಯ ಬರುವತನಕ ದಿನಕ್ಕೆ ಒಪ್ಪತ್ತು ಮಾತ್ರ ಉಣ್ಣುತ್ತೇನೆ, ಅದನ್ನೂ ಉಪ್ಪಿಲ್ಲದೆ ಉಣ್ಣುತ್ತೇನೆ ಎಂದು ಆಕೆ ನೇಮ ಹಿಡಿದಿದ್ದಾಳೆ. ತಾವು ನಿರ್ಣಯ ಕೊಡದೆ ಎದ್ದು ಹೋದರೆ ಆ ನೇಮ ಆಕೆಯ ಜೀವ ಇರುವತನಕ ಮುಗಿಯುವುದಿಲ್ಲ, ಮತ್ತು ಆ ಜೀವ ಇನ್ನು ಬಹಳ ದಿನದ್ದೆಂದು ನನಗೆ ಅನಿಸುವುದಿಲ್ಲ.

ನಾನು ಮೂವತ್ತಾರು ವರ್ಷ ಕನ್ನಡ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತನಾದ ಮಾಸ್ತರ. ಕೃಷ್ಣೆಯ ದಂಡೆಯ ಮೇಲೆ, ರಾಯಬಾಗಕ್ಕೂ ಅಥಣಿಗೂ ನಡುವೆ ನಮ್ಮ ಊರು. ಊರಿನ ಹೆಸರನ್ನು ತಮಗೆ ಬರೆದ ಒಂಬತ್ತು ಪತ್ರಗಳಲ್ಲೂ ಬರೆದಿದ್ದೇನೆ, ಹತ್ತನೆಯ ಸಲ ಬರೆಯುವುದಿಲ್ಲ. ಬೇಕಿದ್ದರೆ ಕಡತ ತೆಗೆಸಿ ನೋಡಿಕೊಳ್ಳಿ; ಆ ನೆವದಿಂದಲಾದರೂ ಕಡತದ ದಾರ ಬಿಚ್ಚೀತು. ನಮ್ಮ ವಾಚನಾಲಯದ ಹೊರಗೋಡೆಯ ಮೇಲೆ ಒಂದು ಕರಿಹಲಗೆ ಇದೆ. ಸದನದಲ್ಲಿ ಯಾವ ಪಕ್ಷದ ಬಲ ಎಷ್ಟು ಎಂದು ಅದರ ಮೇಲೆ ಬರೆಯುವುದು ನನ್ನ ಚಟ. ಈ ಚಟಕ್ಕೂ ಒಂದು ಕಾರಣವಿದೆ. ಕೊಲ್ಹಾಪುರದ ಮರಾಠಿ ಪತ್ರಿಕೆ ನಮ್ಮೂರಿಗೆ ಬೆಳಿಗ್ಗೆ ಏಳಕ್ಕೇ ಬರುತ್ತದೆ, ಕನ್ನಡ ಪತ್ರಿಕೆ ಬರುವುದು ಹನ್ನೊಂದರ ಚಿಕ್ಕೋಡಿ ಬಸ್ಸಿಗೆ. ಹೀಗಾಗಿ ಗಡಿಯಾಚೆ ಯಾರ ಸರಕಾರ ಬಿದ್ದಿತು ಎನ್ನುವುದು ನಮ್ಮವರಿಗೆ ಮೊದಲ ಚಹಾಕ್ಕೇ ಗೊತ್ತಿರುತ್ತಿತ್ತು, ನಮ್ಮ ಸರಕಾರ ಯಾರದಪ್ಪಾ ಎಂದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನನಗೆ ನಾಚಿಕೆಯಾಗಿ ಹಲಗೆ ಹಾಕಿದೆ.

ಹಲಗೆಯ ಮೇಲೆ ಹೀಗಿತ್ತು: ಮೊರ ೫೮, ಗಂಟೆ ೩೪, ಪಕ್ಷೇತರರು ೧೬, ಛತ್ರಿ ೧೦೧, ಖಾಲಿ ೧. ಒಟ್ಟು ೨೧೦. ಪಕ್ಷಗಳ ಹೆಸರು ನಾನು ಬರೆಯುವುದಿಲ್ಲ, ಗುರುತಷ್ಟೇ ಬರೆಯುತ್ತೇನೆ, ಏಕೆಂದರೆ ಹೆಸರುಗಳು ಎರಡು ವರ್ಷಕ್ಕೊಮ್ಮೆ ಒಡೆದು ಮರಿ ಹಾಕುತ್ತವೆ. ಖಾಲಿ ಒಂದು ಎಂದರೆ ಎಲ್ಲೋ ಒಬ್ಬ ಸದಸ್ಯರು ತೀರಿಕೊಂಡಿದ್ದಾರೆ ಎಂದರ್ಥ. ಕೆಳಗೆ ಗೆರೆ ಎಳೆದು, ಕೂಡಿಸಿ, ಒಟ್ಟು ತಾಳೆಯಾಗದೆ ನಾನು ಹಲಗೆ ಬಿಟ್ಟು ಇಳಿದವನಲ್ಲ. ನಮ್ಮಕ್ಕ ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು. ಗಂಡ ತೀರಿದ ಮೇಲೆ ಇಪ್ಪತ್ತೆರಡು ವರ್ಷದಿಂದ ನನ್ನ ಮನೆಯಲ್ಲಿಯೇ ಇದ್ದಾಳೆ. ದಿನಾ ಬಸದಿಗೆ ಹೋಗುವಾಗ ಹಲಗೆಯ ಮುಂದೆ ನಿಂತು, ಬೆರಳ ಗೆಣ್ಣು ಮುಟ್ಟಿಕೊಂಡು ತಾನೂ ಕೂಡಿಸಿ, ಸರಿ ಇದ್ದರೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದಳು. ತಮ್ಮ ಸದನದ ಸದಸ್ಯರಲ್ಲಿ ಎಷ್ಟು ಮಂದಿ ತಮ್ಮ ಪಕ್ಷದ ಬಲವನ್ನು ದಿನಾ ಕೂಡಿಸಿ ನೋಡುತ್ತಾರೋ ನನಗೆ ತಿಳಿಯದು. ಎಲ್ಲರೂ ನೋಡುತ್ತಾರೆ ಎಂದು ಕಾಣುತ್ತದೆ, ಬೇರೆ ಉದ್ದೇಶದಿಂದ.

ಈಗ ನಮ್ಮ ಸದಸ್ಯರ ವಿಷಯ. ಅವರ ಹೆಸರು ಬೇಡ, ಅವರ ಅಭಿನಂದನಾ ಕಮಾನುಗಳ ಮೇಲೆ ಬೇಕಾದಷ್ಟು ಸಲ ಬರೆದಿದೆ. ನಿಪ್ಪಾಣಿಯಲ್ಲಿ ಅವರಿಗೆ ತಂಬಾಕಿನ ವಖಾರಿ. ಈ ಚುನಾವಣೆಗೆ ಮೊದಲೇ ಎರಡು ಸಲ ಪಕ್ಷ ಬದಲಿಸಿದ್ದರಿಂದ ಜನ ಅವರನ್ನು ನಂಬುತ್ತಿರಲಿಲ್ಲ. ಆ ವರ್ಷ ಮಳೆಗಾಲದ ನಾಲ್ಕು ತಿಂಗಳು ನಮ್ಮ ಬಸದಿಯಲ್ಲಿ ಒಬ್ಬ ಮುನಿ ಮಹಾರಾಜರು ತಂಗಿದ್ದರು. ನಮ್ಮಲ್ಲಿ ಒಂದು ರೂಢಿ ಇದೆ, ತಮಗೆ ಗೊತ್ತಿರಲಿಕ್ಕಿಲ್ಲ. ಮುನಿಗಳ ಹತ್ತಿರ ಆಶೀರ್ವಾದಕ್ಕೆ ಯಾರೇ ಹೋದರೂ ಅವರು ಮೊದಲು ಕೇಳುವುದು ಏನು ಕೊಡುತ್ತೀ ಎಂದಲ್ಲ, ಏನು ಬಿಡುತ್ತೀ ಎಂದು. ಒಬ್ಬರು ವರ್ಷದ ಮಟ್ಟಿಗೆ ಬೆಲ್ಲ ಬಿಡುತ್ತಾರೆ, ಒಬ್ಬರು ಚಹಾ ಬಿಡುತ್ತಾರೆ, ನಮ್ಮ ಓಣಿಯ ಒಬ್ಬರು ಬೀಗರ ಮನೆಯ ಮಾತು ಆಡುವುದನ್ನೇ ಬಿಟ್ಟರು. ಕೈ ಮುಗಿದು ಎಲ್ಲರೆದುರು ಹೇಳಿ, ಮುನಿಗಳು ನವಿಲುಗರಿಯ ಪಿಂಛಿಯನ್ನು ಎತ್ತಿ ಹರಸಿದರೆ ಅದು ನೇಮ. ಅದನ್ನು ಮುರಿದವರು ನನಗೆ ತಿಳಿದಂತೆ ಯಾರೂ ಇರಲಿಲ್ಲ.

ಗಂಟೆ ಪಕ್ಷದ ಟಿಕೆಟು ಸಿಕ್ಕ ವಾರವೇ ನಮ್ಮ ಅಭ್ಯರ್ಥಿ ನಾಲ್ಕು ಜೀಪು ತೆಗೆದುಕೊಂಡು ದರ್ಶನಕ್ಕೆ ಬಂದರು. ಬಸದಿಯ ಅಂಗಳ ತುಂಬಿತ್ತು. ಏನು ಬಿಡುತ್ತೀ ಎಂದು ಮುನಿಗಳು ಕೇಳಿದರು. ಹಿಂದಿನಿಂದ ಯಾರೋ ತಂಬಾಕು ಎಂದರು, ಎಲ್ಲರೂ ನಕ್ಕರು. ಮನುಷ್ಯ ಚುರುಕು. ಜನರ ಕಡೆ ಒಮ್ಮೆ ತಿರುಗಿ ನೋಡಿ, "ಮಹಾರಾಜ್ರ, ಇನ್ನ ಐದು ವರ್ಷ ನಾ ಪಕ್ಷ ಬಿಡೂದನ್ನ ಬಿಟ್ಟೇನ್ರಿ" ಅಂದರು. ಚಪ್ಪಾಳೆ ಬಿತ್ತು. ಮುನಿಗಳು ಮಾತ್ರ ನಗಲಿಲ್ಲ. ಬೆಲ್ಲ ಬಿಟ್ಟವನಿಗೆ ಅವನ ನಾಲಗೆಯೇ ಸಾಕ್ಷಿ, ಇದಕ್ಕೆ ಬೇರೆಯವರ ಸಾಕ್ಷಿ ಬೇಕು, ಯಾರು ನಿಲ್ಲುತ್ತೀರಿ ಎಂದು ಕೇಳಿದರು. ಜೀಪಿನಲ್ಲಿ ಬಂದ ಹಿಂಬಾಲಕರೆಲ್ಲ ನೆಲ ನೋಡತೊಡಗಿದರು. ತಮ್ಮ ನಾಯಕನನ್ನು ಅವರಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಆಗ ಹೆಂಗಸರ ಸಾಲಿನಲ್ಲಿ ನಮ್ಮಕ್ಕ ಎದ್ದು ನಿಂತಳು. "ನಾ ಇದೇನ್ರಿ" ಅಂದಳು.

ಮನೆಗೆ ಬಂದ ಮೇಲೆ ನಾನು ಸಿಟ್ಟು ಮಾಡಿದೆ. ಅವನ ಪರಿಚಯವಿಲ್ಲ, ಸಂಬಂಧವಿಲ್ಲ, ನಿನಗೆ ಯಾಕೆ ಬೇಕಿತ್ತು ಎಂದೆ. ಅಷ್ಟು ಜನರ ಮುಂದೆ ಒಬ್ಬ ಮನುಷ್ಯ ಕೈ ಮುಗಿದು ನಿಂತಿದ್ದ, ಅವನ ಪರವಾಗಿ ಒಬ್ಬರೂ ಏಳಲಿಲ್ಲ ಎಂದರೆ ಅವನಿಗೆ ಹೇಗೆ ಅನಿಸಬೇಕು ಎಂದು ಆಕೆ ನನ್ನನ್ನೇ ಕೇಳಿದಳು. ಮಾನ್ಯರೇ, ಇಷ್ಟೇ ಆಕೆಯ ರಾಜಕೀಯ. ಒಬ್ಬ ತಂಬಾಕಿನ ವ್ಯಾಪಾರಿಗೆ ಅವಮಾನವಾಗಬಾರದು ಎಂದು ಆಕೆ ಎದ್ದು ನಿಂತಳು. ಅವಮಾನವಾಗುವ ಅಂಗವೇ ಅವರಲ್ಲಿ ಇರಲಿಲ್ಲ ಎನ್ನುವುದು ಆಕೆಗೆ ಗೊತ್ತಿರಲಿಲ್ಲ.

ಸಾಕ್ಷಿ ನಿಂತ ಮೇಲೆ ಸುಮ್ಮನೆ ಕೂಡುವವಳಲ್ಲ. ನಮ್ಮ ಹೊಲದ ಕೆಲಸಕ್ಕೆ ಬರುವ ಸುಂದ್ರವ್ವನನ್ನು ಜೊತೆ ಮಾಡಿಕೊಂಡು ಊರಿನ ಪ್ರತಿ ಮನೆಗೆ ಹೋದಳು. ತಾನು ನಮ್ಮ ಓಣಿಗಳಲ್ಲಿ ಕೇಳಿದರೆ ಸುಂದ್ರವ್ವ ತನ್ನ ಕೇರಿಯಲ್ಲಿ ಕೇಳಿದಳು. ಪ್ರಣಾಳಿಕೆ, ಭಾಷಣ ಏನೂ ಇಲ್ಲ. ಈ ಸಲ ಅವನು ನೇಮ ಹಿಡಿದಿದ್ದಾನೆ, ಓಡುವುದಿಲ್ಲ, ಎಂದಷ್ಟೇ ಇಬ್ಬರ ಮಾತು. ಅವರು ಗೆದ್ದದ್ದು ಆರುನೂರ ಹನ್ನೆರಡು ಮತಗಳಿಂದ. ನಮ್ಮೂರೊಂದರ ಪೆಟ್ಟಿಗೆಯಲ್ಲೇ ಅವರಿಗೆ ಬಂದ ಹೆಚ್ಚಳ ಏಳುನೂರರ ಮೇಲಿತ್ತು. ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ನಮ್ಮೂರಿಲ್ಲದಿದ್ದರೆ ಆ ಮನುಷ್ಯ ಇವತ್ತು ವಖಾರಿಯಲ್ಲಿ ಕುಳಿತು ತಂಬಾಕಿನ ಚೀಲ ಎಣಿಸುತ್ತಿದ್ದರು.

ಎರಡು ವರ್ಷ ಮಾತು ಉಳಿಯಿತು. ಮೊರ, ಗಂಟೆ, ಪಕ್ಷೇತರರು ಸೇರಿ ನೂರೆಂಟು ಬಲದ ಸರಕಾರ ಕುಂಟುತ್ತ ನಡೆದಿತ್ತು. ಒಂದು ಸೋಮವಾರ ಬೆಳಿಗ್ಗೆ ಧಾರವಾಡದ ರೇಡಿಯೋದ ವಾರ್ತೆಯಲ್ಲಿ, ಗಂಟೆ ಪಕ್ಷದ ಹನ್ನೊಂದು ಮಂದಿ ಹೊರಬಂದು ಛತ್ರಿಗೆ ಬೆಂಬಲ ಕೊಟ್ಟಿದ್ದಾರೆ ಎಂದು ಹೇಳಿದರು. ಹೆಸರುಗಳನ್ನು ಓದಿದರು. ನಮ್ಮವರದು ಏಳನೆಯದು. ಸರಕಾರ ಬಿತ್ತು, ಛತ್ರಿಯವರು ನೂರಹನ್ನೆರಡಾಗಿ ಸರಕಾರ ಮಾಡಿದರು. ಅದೇ ವಾರ ಅದೇ ನೂರಹನ್ನೆರಡು ಕೈಗಳು ಎದ್ದು ತಮ್ಮನ್ನು ಪೀಠದಲ್ಲಿ ಕೂರಿಸಿದವು. ಪೀಠವೇರಿದವರಿಗೆ ಪಕ್ಷವಿಲ್ಲ ಎಂದು ತಾವು ಅವತ್ತು ಮಾಡಿದ ಭಾಷಣವನ್ನು ನಾನು ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಬೇಸರವಾದಾಗ ತೆಗೆದು ಓದುತ್ತೇನೆ, ನಗೆ ಬರುತ್ತದೆ.

ಕಾನೂನು ತಮಗೆ ನಾನು ಹೇಳಬೇಕೆ? ಆದರೂ ಹೇಳುತ್ತೇನೆ, ಈ ಪತ್ರವನ್ನು ಬೇರೆಯವರೂ ಓದುತ್ತಾರೆ. ಎಂಬತ್ತೈದರಲ್ಲಿ ಬಂದ ಕಾಯ್ದೆಯ ಪ್ರಕಾರ ಒಂದು ಪಕ್ಷದಿಂದ ಆರಿಸಿ ಬಂದವನು ಅದನ್ನು ಬಿಟ್ಟರೆ ಸದಸ್ಯತ್ವ ಹೋಗುತ್ತದೆ. ಆದರೆ ಪಕ್ಷದ ಶಾಸಕರಲ್ಲಿ ಮೂರನೆಯ ಒಂದು ಭಾಗ ಒಟ್ಟಾಗಿ ಹೋದರೆ ಅದು ಪಕ್ಷಾಂತರವಲ್ಲ, ಪಕ್ಷದ ಒಡಕು, ಆಗ ತಪ್ಪಿಲ್ಲ. ಒಬ್ಬ ಕದ್ದರೆ ಕಳ್ಳ, ಗುಂಪಾಗಿ ಕದ್ದರೆ ಸಂಘ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಇರಲಿ, ಕಾಯ್ದೆಯೇ ಹಾಗಿದ್ದರೆ ಹಾಗೇ ಆಗಲಿ. ಮೂವತ್ತನಾಲ್ಕನ್ನು ಮೂರರಿಂದ ಭಾಗಿಸಿರಿ. ಹನ್ನೊಂದು ಬಂದು ಒಂದು ಉಳಿಯುತ್ತದೆ. ಅಂದರೆ ಹನ್ನೊಂದು ಮಂದಿ ಸಾಲದು, ಹನ್ನೆರಡು ಬೇಕು. ಹನ್ನೆರಡನೆಯವರು ಕಾರು ಹತ್ತಿದ್ದರಂತೆ, ಅವರ ಹೆಂಡತಿ ಬಾಗಿಲು ತೆಗೆದು ಕೆಳಗೆ ಇಳಿಸಿಕೊಂಡರಂತೆ. ಆ ತಾಯಿ ಯಾರೋ, ಅವರಿಗೆ ನನ್ನ ನಮಸ್ಕಾರ. ಹಾಗಾಗಿ ತಮ್ಮ ಮುಂದಿರುವುದು ಮೂರನೆಯ ಇಯತ್ತೆಯ ಭಾಗಾಕಾರ. ನನ್ನ ಶಾಲೆಯ ಮಕ್ಕಳು ಪಾಟಿಯ ಮೇಲೆ ಎರಡು ನಿಮಿಷದಲ್ಲಿ ಮಾಡುತ್ತಿದ್ದರು, ಮಾಡದವರನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ತಾವು ಅದೇ ಲೆಕ್ಕವನ್ನು ಎರಡು ವರ್ಷ ಹತ್ತು ತಿಂಗಳಿಂದ ಪರಿಶೀಲಿಸುತ್ತಿದ್ದೀರಿ. ತಮಗೆ ಭಾಗಾಕಾರ ಬಾರದೆಂದು ನಾನು ಹೇಳುವುದಿಲ್ಲ. ಅದು ಚೆನ್ನಾಗಿ ಬರುವುದರಿಂದಲೇ ತಾವು ಮಾಡುತ್ತಿಲ್ಲ. ಹನ್ನೊಂದು ಹೋದರೆ ಛತ್ರಿ ನೂರಾ ಒಂದು, ಎದುರಿಗೆ ತೊಂಬತ್ತೇಳು; ಇಬ್ಬರು ಆ ಕಡೆ ವಾಲಿದರೆ ಸರಕಾರ ಅಲುಗಾಡುತ್ತದೆ.

ಆ ಸೋಮವಾರ ನಾನು ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ಬಹಳ ಹೊತ್ತು ನಿಂತಿದ್ದೆ. ಎದುರಿನ ಚಹಾದಂಗಡಿಯ ಕಾಡಸಿದ್ದ, "ಮಾಸ್ತರ, ನಮ್ಮವ್ರನ್ನ ಯಾವ ಸಾಲಿನ್ಯಾಗ ಬರೀತೀರಿ?" ಎಂದು ಕೇಳಿದ. ಗಂಟೆಯಲ್ಲಿ ಬರೆದರೆ ಸುಳ್ಳು, ಛತ್ರಿಯಲ್ಲಿ ಬರೆದರೆ ನಾನೇ ಅವರಿಗೆ ಒಪ್ಪಿಗೆ ಕೊಟ್ಟಂತೆ. ಕೊನೆಗೆ ಗಂಟೆಯನ್ನು ೨೩ ಮಾಡಿ, ಕೆಳಗೆ ಹೊಸದೊಂದು ಸಾಲು ಹಾಕಿದೆ: ನಿರ್ಣಯ ಬಾಕಿ ೧೧. ಒಟ್ಟು ತಾಳೆಯಾಯಿತು. ಅಷ್ಟರಲ್ಲಿ ಅಕ್ಕ ಬಸದಿಗೆ ಹೊರಟವಳು ಬಂದು ನಿಂತಳು. ಓದಿದಳು, ಕೂಡಿಸಿದಳು, ಆಮೇಲೆ ಈ ಬಾಕಿ ಅಂದರೇನು ಎಂದು ಕೇಳಿದಳು. ಅವರು ಮಾಡಿದ್ದು ತಪ್ಪೋ ಸರಿಯೋ ಎಂದು ಹೇಳುವ ಅಧಿಕಾರ ಸಭಾಧ್ಯಕ್ಷರದು, ಅವರು ಹೇಳುವತನಕ ಬಾಕಿ ಎಂದೆ. ಎಷ್ಟು ದಿನ ಹಿಡಿಯುತ್ತದೆ ಎಂದಳು. ಮೂರು ತಿಂಗಳು ಹಿಡಿದರೆ ಹೆಚ್ಚು ಎಂದೆ.

ಮಾನ್ಯರೇ, ಈ ಪತ್ರದಲ್ಲಿ ತಮ್ಮನ್ನು ಬಹಳ ಅಂದಿದ್ದೇನೆ, ಇನ್ನೂ ಅನ್ನುವವನಿದ್ದೇನೆ. ಆದರೆ ಆ ಮೂರು ತಿಂಗಳು ನನ್ನ ಬಾಯಿಂದ ಬಂದದ್ದು. ಪತ್ರಿಕೆ ಓದುವ ಮಾಸ್ತರನೆಂಬ ಜಂಬದಲ್ಲಿ, ಸದನವೆಂದರೆ ಶಾಲೆ, ಪೀಠವೆಂದರೆ ಮಾಸ್ತರರ ಕುರ್ಚಿ ಎಂದು ನಂಬಿ ನಾನು ಹೇಳಿದೆ. ಆಕೆ ನನ್ನ ಮಾತು ನಂಬಿ ನೇರ ಬಸದಿಗೆ ಹೋಗಿ ಸ್ವಾಮಿಯ ಮೂರ್ತಿಯ ಮುಂದೆ ಕೈ ಮುಗಿದು, ಸಭಾಧ್ಯಕ್ಷರ ನಿರ್ಣಯ ಬರುವತನಕ ಒಪ್ಪತ್ತು, ಉಪ್ಪು ವರ್ಜ್ಯ ಎಂದು ನೇಮ ಹಿಡಿದು ಬಂದಳು. ಉಪ್ಪೆಂದರೆ ಆಕೆಗೆ ಜೀವ. ಕೆಂಪು ಖಾರದ ಚಟ್ನಿಯ ಮೇಲೆ ಇನ್ನೊಂದು ಚಿಟಿಕೆ ಉಪ್ಪು ಉದುರಿಸಿಕೊಂಡು ರೊಟ್ಟಿ ತಿನ್ನುತ್ತಿದ್ದವಳು. ಮೂರು ತಿಂಗಳು ತಾನೇ ಎಂದು ನಾನೂ ಸುಮ್ಮನಾದೆ. ಮಾಡಿದ್ದು ಅವನು, ನಿನಗೇಕೆ ಶಿಕ್ಷೆ ಎಂದು ಸುಂದ್ರವ್ವ ಬಂದು ಅತ್ತಳು. ಸಾಕ್ಷಿ ನಿಂತವಳು ನಾನು ಎಂದು ಅಕ್ಕ ಅವಳನ್ನು ಸಮಾಧಾನ ಮಾಡಿ ಕಳಿಸಿದಳು.

ನಾಲ್ಕನೆಯ ತಿಂಗಳಿಂದ ನಾನು ತಮಗೆ ಬರೆಯಲು ಹತ್ತಿದೆ. ಒಂಬತ್ತು ಪತ್ರಕ್ಕೆ ಮೂರು ಉತ್ತರ ಬಂದವು. ಮೊದಲನೆಯದರಲ್ಲಿ ವಿಷಯವು ಪರಿಶೀಲನೆಯಲ್ಲಿದೆ ಎಂದಿತ್ತು, ಎರಡನೆಯದರಲ್ಲಿ ವಿಷಯವು ಸಕ್ರಿಯ ಪರಿಶೀಲನೆಯಲ್ಲಿದೆ ಎಂದಿತ್ತು. ಮೂರನೆಯದರಲ್ಲಿ ಮತ್ತೆ ಪರಿಶೀಲನೆಯಲ್ಲಿದೆ ಎಂದಷ್ಟೇ ಇತ್ತು. ಸಕ್ರಿಯ ಎಲ್ಲಿ ಹೋಯಿತು ಎಂದು ಹೆದರಿ ನಾನೇ ರಾಜಧಾನಿಗೆ ಬಂದೆ. ತಮ್ಮ ಕಚೇರಿಯ ಒಬ್ಬ ಅಧಿಕಾರಿಗಳು ಸೌಜನ್ಯದಿಂದ ಕೂರಿಸಿ, "ಯಜಮಾನ್ರೇ, ಈ ಅರ್ಜೀಲಿ ನಿಮ್ಮ ಹಿತಾಸಕ್ತಿ ಏನು?" ಎಂದು ಕೇಳಿದರು. "ನಮ್ಮಕ್ಕನ ಉಪ್ಪುರಿ" ಅಂದೆ. ಅವರು ಸ್ವಲ್ಪ ಯೋಚಿಸಿ ಉಪ್ಪು ಆಹಾರ ಇಲಾಖೆಗೆ ಬರುತ್ತದೆ, ಎರಡನೆಯ ಮಹಡಿ ಎಂದರು. ತಮಾಷೆ ಮಾಡಲಿಲ್ಲ, ನಿಜವಾಗಿಯೇ ಹೇಳಿದರು. ಅವತ್ತು ಪ್ರೇಕ್ಷಕರ ಗ್ಯಾಲರಿಯಲ್ಲಿ ಕುಳಿತು ತಮ್ಮನ್ನೂ ನೋಡಿದೆ. ಒಂದು ತಾಸಿನಲ್ಲಿ ಮೂವತ್ತೊಂದು ಸಲ ತಾವು ಕೂತುಕೊಳ್ಳಿ ಎಂದಿರಿ. ನಮ್ಮ ಸದಸ್ಯರು ಆ ಹೊತ್ತಿಗೆ ಆಳುವ ಪಕ್ಷದ ಮೂರನೆಯ ಸಾಲಿನಲ್ಲಿ ಕೂತೇ ಇದ್ದರು, ಅವರಿಗೆ ಹೇಳುವ ಅಗತ್ಯ ಬೀಳಲಿಲ್ಲ.

ಅಕ್ಕ ನೇಮ ಹಿಡಿದ ಎರಡನೆಯ ವರ್ಷ ಸದಸ್ಯರು ನಮ್ಮೂರಿಗೆ ಬಂದರು. ಆಗ ಅವರು ಒಂದು ನಿಗಮದ ಅಧ್ಯಕ್ಷರೂ ಆಗಿದ್ದರು, ಜೀಪಿನ ಬದಲು ಕೆಂಪು ದೀಪದ ಕಾರಿತ್ತು. ಬಸ್ ನಿಲ್ದಾಣಕ್ಕೆ ಕಟ್ಟಿಸಿಕೊಟ್ಟ ತಂಗುದಾಣದ ಉದ್ಘಾಟನೆ ಅವತ್ತು. ಕಾರ್ಯಕ್ರಮ ಮುಗಿದ ಮೇಲೆ, ಜನ ನೋಡುತ್ತಿರುವಂತೆಯೇ ನಮ್ಮ ಮನೆಗೆ ಬಂದರು. ಅಕ್ಕ ಅವರಿಗೆ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಉಪ್ಪು ಹಾಕಿಯೇ ಮಾಡಿದ್ದಳು, ಬಂದವರ ಬಾಯಿಗೆ ರುಚಿ ಕೆಡಬಾರದೆಂದು. ಅವರು ಎರಡನೆಯ ಸಲ ಹಾಕಿಸಿಕೊಂಡು ಉಂಡರು. ಊರಿನ ಕೆಲಸ ಆಗಲೆಂದೇ ತಾನು ಆ ಕಡೆ ಹೋದದ್ದು, ಎದುರು ಬೆಂಚಿನಲ್ಲಿ ಕುಳಿತಿದ್ದರೆ ಈ ತಂಗುದಾಣ ಬರುತ್ತಿತ್ತೇ ಎಂದು ತಿಳಿಸಿ ಹೇಳಿದರು. ಕೈ ತೊಳೆದು, "ಅಕ್ಕಾರ, ಆ ನೇಮ ಬಿಟ್ಟಬಿಡ್ರಿ. ನಂದೇನ ತಪ್ಪ ಇಲ್ಲರಿ" ಅಂದರು.

ಅಕ್ಕ ಟವೆಲು ಕೊಡುತ್ತ, "ನಿಮ್ಮದು ತಪ್ಪ ಐತಿ ಅಂತ ನಾ ಎಲ್ಲಿ ಅಂದೇನ್ರಿ? ತಪ್ಪೋ ಖರೇನೋ, ಹೇಳಬೇಕಾದವ್ರು ಹೇಳಲಿ. ಅಲ್ಲೀತನಕ ಸಾಕ್ಷಿ ನಿಂತಾಕಿ ನಾಲಗಿಗೆ ರುಚಿ ಬ್ಯಾಡ" ಅಂದಳು.

ಅವರು ಕೈ ಒರೆಸಿಕೊಂಡು ಎದ್ದರು. ಹೋಗುವಾಗ ಕಾರಿನಲ್ಲಿ ಯಾರಿಗೋ, ಮುದುಕಿಗೆ ಯಾರೋ ವಿರೋಧಿಗಳು ಕಿವಿ ಕಚ್ಚಿದ್ದಾರೆ ಎಂದರಂತೆ. ಆ ವಿರೋಧಿ ನಾನಾಗಿರಬೇಕು. ಅದಕ್ಕಿಂತ ನನಗೆ ನೋವು ಮಾಡಿದ್ದು ನಮ್ಮ ಊರಿನವರೇ. ಅವನು ಓಡುವುದಿಲ್ಲ ಎಂದು ಅಕ್ಕನ ಮಾತು ಕೇಳಿ ಮತ ಹಾಕಿದವರು, ತಂಗುದಾಣದ ನೆರಳಿನಲ್ಲಿ ಕುಳಿತು, ಈಕೆಯ ಹಟದಿಂದ ಊರಿಗೆ ಕೆಟ್ಟ ಹೆಸರು ಬರುತ್ತಿದೆ, ಸಾಹೇಬರು ಸಿಟ್ಟಾದರೆ ಮುಂದಿನ ಕೆಲಸ ತಪ್ಪುತ್ತದೆ ಎಂದು ಮಾತಾಡತೊಡಗಿದರು. ನೆರಳು ತಂಪಾಗಿತ್ತು. ಆ ಸಿಮೆಂಟು ನಮ್ಮಕ್ಕನ ಉಪ್ಪಿನಿಂದ ಕಲಸಿದ್ದು ಎಂದು ಅವರಿಗೆ ಯಾರು ಹೇಳಬೇಕು? ನಾನು ಹೇಳಲಿಲ್ಲ, ಹೇಳಬೇಕಿತ್ತು.

ಹೋದ ತಿಂಗಳು ಅಕ್ಕ ಹೊಲದಲ್ಲಿ ಬಿದ್ದಳು. ಸುಂದ್ರವ್ವ ಮತ್ತು ನಾನು ಚಕ್ಕಡಿಯಲ್ಲಿ ಹಾಕಿಕೊಂಡು ರಸ್ತೆಗೆ ಬಂದು, ಅಲ್ಲಿಂದ ಒಂದು ಟೆಂಪೋ ಹಿಡಿದು ಚಿಕ್ಕೋಡಿಗೆ ಒಯ್ದೆವು. ಅಲ್ಲಿಯ ಡಾಕ್ಟರರು ಒಳ್ಳೆಯವರು. ರಕ್ತ ನೋಡಿ, ಮೈಯಲ್ಲಿ ಉಪ್ಪಿನ ಅಂಶ ತೀರ ಇಳಿದಿದೆ, ಹೀಗೇ ಬಿಟ್ಟರೆ ಒಂದು ದಿನ ಎಚ್ಚರ ತಪ್ಪಿದವರು ಏಳುವುದಿಲ್ಲ ಎಂದರು. ಸಲಾಯಿನ್ ಬಾಟಲಿ ತಂದು ತೂಗುಹಾಕಿ, ಸೂಜಿ ಚುಚ್ಚಬೇಕೆನ್ನುವಷ್ಟರಲ್ಲಿ ಅಕ್ಕ ಕಣ್ಣು ತೆರೆದಳು.

"ಅದರಾಗ ಉಪ್ಪ ಐತೇನ್ರಿ ಡಾಕ್ಟರ?" ಎಂದು ಕೇಳಿದಳು.

ಡಾಕ್ಟರರು ಒಂದು ಸುಳ್ಳು ಹೇಳಬಹುದಿತ್ತು. ನಾನು ಅಕ್ಕನ ತಲೆಯ ಹಿಂದೆ ನಿಂತು ಹೇಳಿ ಹೇಳಿ ಎಂದು ಕಣ್ಸನ್ನೆ ಮಾಡುತ್ತಿದ್ದೆ. ಅವರು ಆಕೆಯ ಮುಖ ನೋಡಿ, "ಐತ್ರೆವ್ವಾ" ಅಂದುಬಿಟ್ಟರು. ಅಕ್ಕ ತೋಳನ್ನು ಸೆರಗಿನೊಳಗೆ ಎಳೆದುಕೊಂಡಳು. ಬೇರೆ ಏನೋ ಸಕ್ಕರೆ ನೀರು ಏರಿಸಿ ಎರಡು ದಿನದಲ್ಲಿ ಕಳಿಸಿಕೊಟ್ಟರು. ಇಡೀ ಚಿಕ್ಕೋಡಿಯಲ್ಲಿ ಒಂದು ಪ್ರಶ್ನೆ ಕೇಳಿದ ಕೂಡಲೇ ಉತ್ತರ ಕೊಟ್ಟ ಮನುಷ್ಯ ಅವರೊಬ್ಬರೇ ಎಂದು ಅವತ್ತು ಅವರ ಮೇಲೆ ನನಗೆ ವಿಪರೀತ ಸಿಟ್ಟು ಬಂದಿತ್ತು.

ಅಲ್ಲಿಂದ ನಾನು ಅಕ್ಕೋಳಕ್ಕೆ ಹೋದೆ. ಸದಸ್ಯರ ನೇಮಕ್ಕೆ ಪಿಂಛಿ ಎತ್ತಿದ ಮುನಿಗಳು ನಡೆದುಕೊಂಡು ಎಲ್ಲೋ ದೂರದ ದೇಶಕ್ಕೆ ಹೋಗಿದ್ದಾರೆ. ಅಕ್ಕೋಳದಲ್ಲಿ ಬೇರೆ ಮುನಿಗಳಿದ್ದಾರೆಂದು ಕೇಳಿದ್ದೆ. ಈ ನೇಮ ಬಿಡಿಸುವ ದಾರಿ ಇದ್ದರೆ ಹೇಳಿ ಎಂದು ಕಾಲಿಗೆ ಬಿದ್ದೆ. ಅವರು ಎಲ್ಲ ಕೇಳಿದರು. ಅವಧಿ ಹಾಕಿ ಹಿಡಿದ ನೇಮಕ್ಕೆ ಆ ಅವಧಿ ಬಂದ ಕೂಡಲೇ ಬಿಡುಗಡೆ, ನಿರ್ಣಯ ಆ ಶಾಸಕರ ಪರವಾಗಿ ಬಂತೋ ವಿರುದ್ಧವಾಗಿ ಬಂತೋ ಎಂಬುದು ಈಕೆಗೆ ಸಂಬಂಧವಿಲ್ಲ ಎಂದರು. ಅವಧಿಯೇ ಬಾರದೆ ಹೋದರೆ, ಎಂದು ಕೇಳಿದೆ. ಹಾಗಾದರೆ ಅದು ಸಾಯುವತನಕದ ನೇಮವಾಯಿತು, ಬಿಡುವುದು ಬಿಡದಿರುವುದು ಹಿಡಿದವಳ ಮನಸ್ಸು ಎಂದರು. ಆಕೆಯ ಮನಸ್ಸು ನನಗೆ ಗೊತ್ತು. ನಾನು ಎದ್ದು ಬಂದೆ.

ಬಂದವನು ಒಂದು ಕೆಲಸ ಮಾಡಿದೆ. ಅದನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ, ಏಕೆಂದರೆ ತಾವು ಮಾಡಬೇಕಾದ ಕೆಲಸವನ್ನೇ ನಾನು ಮಾಡಿದ್ದು. ಮರುದಿನ ಬೆಳಿಗ್ಗೆ ಆಕೆ ಬಸದಿಗೆ ಹೊರಡುವ ಮುಂಚೆ ಹಲಗೆಯ ಹತ್ತಿರ ಹೋಗಿ, ನಿರ್ಣಯ ಬಾಕಿ ೧೧ ಎಂಬ ಸಾಲನ್ನು ಒರೆಸಿದೆ. ಆ ಜಾಗದಲ್ಲಿ ದೊಡ್ಡ ಅಕ್ಷರದಲ್ಲಿ, ಸಭಾಧ್ಯಕ್ಷರ ನಿರ್ಣಯ ಪ್ರಕಟ, ಹನ್ನೊಂದು ಮಂದಿಯ ಸದಸ್ಯತ್ವ ರದ್ದು ಎಂದು ಬರೆದೆ. ಮೂವತ್ತು ವರ್ಷದಲ್ಲಿ ನನ್ನ ಹಲಗೆಯ ಮೇಲೆ ಬಿದ್ದ ಮೊದಲ ಸುಳ್ಳು. ಅಕ್ಷರ ಮಾತ್ರ ದುಂಡಗೆ ಬಂದವು.

ಅಕ್ಕ ಸುಂದ್ರವ್ವನ ಹೆಗಲು ಹಿಡಿದುಕೊಂಡು ಬಂದಳು. ಓದಿದಳು. ಮುಖ ಅರಳಿತು. ಮಾನ್ಯರೇ, ಎರಡು ವರ್ಷ ಹತ್ತು ತಿಂಗಳಲ್ಲಿ ಆ ಮುಖವನ್ನು ನಾನು ಹಾಗೆ ನೋಡಿರಲಿಲ್ಲ. ಸುಂದ್ರವ್ವ ಅಲ್ಲೇ ನಿಂತು, ಮಧ್ಯಾಹ್ನಕ್ಕೆ ಉಪ್ಪು ಹಾಕಿ ಕಟ್ಟಿನ ಸಾರು ಮಾಡುತ್ತೇನೆ ಎಂದಳು. ಆಮೇಲೆ ಅಭ್ಯಾಸದಂತೆ ಅಕ್ಕನ ಹೆಬ್ಬೆರಳು ಗೆಣ್ಣಿನ ಮೇಲೆ ಹೋಯಿತು. ಒಂದು ಸಲ ಕೂಡಿಸಿದಳು, ಮತ್ತೊಂದು ಸಲ ಕೂಡಿಸಿದಳು. ನನ್ನ ಕಡೆ ತಿರುಗಿದಳು.

"ತಮ್ಮಾ, ಹನ್ನೊಂದು ಮಂದಿ ಹೋದ್ರ ಖಾಲಿ ಹನ್ನೆರಡ ಆಗಬೇಕಲ್ಲ? ನೀ ಒಂದ ಬರದೀ. ನೂರಾ ತೊಂಬತ್ತೊಂಬತ್ತ ಆಗತೈತಿ."

ಹೌದು. ಅವಸರದಲ್ಲಿ ಖಾಲಿಯ ಸಾಲನ್ನು ತಿದ್ದುವುದು ನನಗೆ ಮರೆತಿತ್ತು. ಬರೆದ ಮೇಲೆ ಗೆರೆ ಎಳೆದು ಕೂಡಿಸಿ ನೋಡಲಿಲ್ಲ, ಸುಳ್ಳನ್ನು ಕೂಡಿಸಿ ನೋಡುವ ಅಭ್ಯಾಸ ನನಗಿರಲಿಲ್ಲ. ಆಕೆ ಬೈಯಲಿಲ್ಲ. ನನ್ನ ಮುಖದಲ್ಲೇ ಎಲ್ಲ ಓದಿಕೊಂಡಳು. ಸೆರಗಿನ ತುದಿಯಿಂದ ತಾನೇ ಆ ಸಾಲನ್ನು ಒರೆಸಿ, ಸೀಮೆಸುಣ್ಣ ಇಸಿದುಕೊಂಡು, ನಿರ್ಣಯ ಬಾಕಿ ೧೧ ಎಂದು ತನ್ನ ಸೊಟ್ಟ ಅಕ್ಷರದಲ್ಲಿ ಬರೆದಳು. ಅವತ್ತಿನಿಂದ ಆಕೆ ಹಲಗೆ ಓದುವುದಿಲ್ಲ. ನಾಳೆ ತಾವು ನಿಜವಾಗಿ ನಿರ್ಣಯ ಕೊಟ್ಟು, ನಾನು ನಿಜವಾಗಿ ಅದನ್ನು ಬರೆದರೂ ನಂಬುವುದಿಲ್ಲ. ನಾನು ಓದಿ ಹೇಳಿದ ಪತ್ರಿಕೆಯನ್ನೂ ನಂಬುವುದಿಲ್ಲ. ತಮ್ಮ ಆಲಸ್ಯಕ್ಕೆ ನನ್ನ ಜಾಣತನ ಸೇರಿ ಆಕೆಗೆ ಇದ್ದ ಒಂದು ದಾರಿಯನ್ನೂ ಮುಚ್ಚಿದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಇಪ್ಪತ್ತೊಂದರ ಒಳಗೆ ನಿರ್ಣಯ ಕೊಡಿ. ನ್ಯಾಯ ಕೊಡಿ ಎಂದು ಕೇಳುತ್ತಿಲ್ಲ, ಆ ಆಸೆಯ ವಯಸ್ಸು ಕಳೆಯಿತು. ಯಾವುದಾದರೊಂದು ನಿರ್ಣಯ ಸಾಕು. ಮೂವತ್ತನಾಲ್ಕರ ಮೂರನೆಯ ಒಂದು ಭಾಗ ಹನ್ನೊಂದೇ ಎಂದು ಬರೆಯಿರಿ, ಉಳಿದ ಒಂದನ್ನು ನಾನು ಕೇಳುವುದಿಲ್ಲ. ಹನ್ನೊಂದು ಮಂದಿಯೂ ಹರಿಶ್ಚಂದ್ರರೇ ಎಂದು ಬರೆಯಿರಿ, ನಾನು ತಕರಾರು ಮಾಡುವುದಿಲ್ಲ. ಅವರು ಮಂತ್ರಿಗಳಾಗಲಿ, ಅವರ ಮೂರ್ತಿ ಮಾಡಿಸಿ ತಂಗುದಾಣದ ಮುಂದೆ ನಿಲ್ಲಿಸಲಿ, ನಾನೇ ಹೋಗಿ ಹಾರ ಹಾಕುತ್ತೇನೆ. ಆದರೆ ಆ ನಿರ್ಣಯದ ಒಂದು ಪ್ರತಿಯನ್ನು, ತಮ್ಮ ಸಹಿ ಮತ್ತು ಗುಂಡು ಮುದ್ರೆಯೊಂದಿಗೆ, ರಿಜಿಸ್ಟರ್ ಅಂಚೆಯಲ್ಲಿ ನಮ್ಮಕ್ಕನ ಹೆಸರಿಗೇ ಕಳಿಸಿ. ನನ್ನ ಹೆಸರಿಗೆ ಬೇಡ. ಅಂಚೆಯವರು ಆಕೆಯ ಕೈಯಲ್ಲೇ ಕೊಡಲಿ, ಆಕೆಯೇ ಅಕ್ಷರ ಕೂಡಿಸಿ ಓದಿಕೊಳ್ಳಲಿ. ಮುದ್ರೆ ಇದ್ದ ಕಾಗದವನ್ನು ಆಕೆ ಇನ್ನೂ ನಂಬುತ್ತಾಳೆ. ಆ ಒಂದು ಮೂಢನಂಬಿಕೆ ಆಕೆಯಲ್ಲಿ ಉಳಿದಿದೆ.

ಮತ್ತೊಂದು ಮಾತು. ತಾವು ಇಂಥ ನಿರ್ಣಯಗಳನ್ನು ಸಂಜೆ, ಪತ್ರಿಕೆಯವರು ಮನೆಗೆ ಹೋದ ಮೇಲೆ ಪ್ರಕಟಿಸುವುದುಂಟು ಎಂದು ಕೇಳಿದ್ದೇನೆ. ಕಾಗದವನ್ನು ಬೆಳಗಿನ ಟಪಾಲಿಗೆ ಹಾಕಿಸಿ, ನಮ್ಮೂರಿಗೆ ಅದು ಹೊತ್ತಿರುವಾಗ ಮುಟ್ಟುವ ಹಾಗೆ ನೋಡಿಕೊಳ್ಳಿ. ಹೊತ್ತು ಮುಳುಗಿದ ಮೇಲೆ ನಾವು ಉಣ್ಣುವವರಲ್ಲ. ಸಂಜೆ ಮುಟ್ಟಿದರೆ ಆಕೆ ಮರುದಿನ ಮಧ್ಯಾಹ್ನದವರೆಗೆ ಕಾಯುತ್ತಾಳೆ, ಮತ್ತು ನಿನ್ನೆ ಆಕೆ ಬಸದಿಯ ಮೂರು ಮೆಟ್ಟಿಲು ಹತ್ತಲಾರದೆ ಕೆಳಗೇ ಕುಳಿತು ಕೈ ಮುಗಿದಳು. ಸುಂದ್ರವ್ವ ಒಂದು ಬಟ್ಟಲಲ್ಲಿ ಉಪ್ಪು ಹಾಕಿ, ತಟ್ಟೆ ಮುಚ್ಚಿ, ನಮ್ಮ ಅಡಿಗೆಮನೆಯ ಮಾಡದಲ್ಲಿ ಇಟ್ಟು ಹೋಗಿದ್ದಾಳೆ. ಗಾಳಿಗೆ ಅದು ನೀರೊಡೆಯುತ್ತಿದೆ.

ಇಂತಿ,
ಮೂರು ತಿಂಗಳು ಹಿಡಿದರೆ ಹೆಚ್ಚು ಎಂದು ಹೇಳಿದವನು,
ಶಾಂತಿನಾಥ ಮಾಸ್ತರ,
ಸಾಕ್ಷಿಯ ತಮ್ಮ